ಮೂರು ಲೀಟರ್ ಆಯಿಲ್ ಮೇಲೆ ನಿಂತ ಎಂಜಿನ್

ಹಳೆಯ ಡೀಸೆಲ್ ಕಾರು ಹುಡುಕುವವರು ಸ್ವಿಫ್ಟೋ, ವಿಸ್ಟಾವೋ, ಪುಂಟೊವೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮೂರರ ಬಾನೆಟ್ಟನ್ನೂ ಎತ್ತಿ ನೋಡಿ, ಒಳಗೆ ಕೂತಿರುವುದು ಬಹುಪಾಲು ಒಂದೇ ಎಂಜಿನ್. ಫಿಯೆಟ್ ಅದನ್ನು ಮಲ್ಟಿಜೆಟ್ ಎಂದಿತು, ಮಾರುತಿ ಡಿಡಿಐಎಸ್ ಎಂದಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. ಶೆವ್ರೊಲೆ ಸೈಲ್, ಎಂಜಾಯ್‌ಗಳಲ್ಲಿ ಇದ್ದದ್ದೂ ಅದೇ. ಪ್ರೀಮಿಯರ್ ರಿಯೊ ಎಂಬ, ಈಗ ಹೆಚ್ಚಿನವರಿಗೆ ನೆನಪೇ ಇಲ್ಲದ ಪುಟ್ಟ ಎಸ್‌ಯುವಿಯಲ್ಲೂ ಅದೇ. ಕಾರಿನ ಹೆಸರು ಬದಲಾದರೆ ಸೀಟು, ಸ್ಟೀರಿಂಗ್, ಡ್ಯಾಶ್‌ಬೋರ್ಡ್ ಬದಲಾಗುತ್ತದೆ, ಎಂಜಿನ್ನಿನ ಕಾಯಿಲೆ ಬದಲಾಗುವುದಿಲ್ಲ. ಹಾಗಾಗಿ ಈ ವಾರ ಕಾರಿನ ಮಾತು ಬಿಟ್ಟು ಎಂಜಿನ್ನಿನ ಮಾತು.

ಇದರ ಹುಟ್ಟು ಇಟಲಿಯದು, ಜನರಲ್ ಮೋಟರ್ಸ್ ಜೊತೆಗಿನ ಪಾಲುದಾರಿಕೆಯ ಕಾಲದ್ದು. 2003ರಲ್ಲಿ ಪೋಲೆಂಡಿನ ಬಿಯೆಲ್‌ಸ್ಕೊ-ಬಿಯಾವಾ ಕಾರ್ಖಾನೆಯಿಂದ ಹೊರಬಂತು. ಅದಕ್ಕೂ ಮುಂಚಿನ ಕತೆಯೊಂದಿದೆ. ಡೀಸೆಲ್ಲನ್ನು ಒಂದೇ ಕೊಳವೆಯಲ್ಲಿ ಭಾರಿ ಒತ್ತಡದಲ್ಲಿ ಶೇಖರಿಸಿಟ್ಟು ಎಲ್ಲ ಇಂಜೆಕ್ಟರ್‌ಗಳಿಗೂ ಹಂಚುವ ಕಾಮನ್ ರೈಲ್ ವಿಧಾನವನ್ನು ಕಾರಿಗೆ ಒಗ್ಗಿಸಿದ್ದು ಫಿಯೆಟ್‌ನ ಪ್ರಯೋಗಾಲಯಗಳೇ. ಆದರೆ ಕೈಯಲ್ಲಿ ದುಡ್ಡಿಲ್ಲದ ಹೊತ್ತಿನಲ್ಲಿ ಅದನ್ನು ಜರ್ಮನಿಯ ಬಾಷ್‌ಗೆ ಮಾರಿಬಿಟ್ಟರು. 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂತು, ಮುಂದೆ ಲಾಭವನ್ನೆಲ್ಲ ಬಾಷ್ ಎಣಿಸಿತು. ಬೆಂಗಳೂರಿನವರು 'ಮೈಕೊ' ಎಂದೇ ಕರೆದ ಆಡುಗೋಡಿಯ ಕಾರ್ಖಾನೆ ಇದೇ ಬಾಷ್ ಬಳಗದ್ದಾಗಿತ್ತು. ನಮ್ಮ ಊರುಗಳಲ್ಲಿ ಡೀಸೆಲ್ ಪಂಪ್ ಬಿಚ್ಚಿ ಕೂರಿಸಬಲ್ಲ ಒಂದಿಡೀ ತಲೆಮಾರಿನ ಕೈಗಳು ಪಳಗಿದ್ದು ಅಲ್ಲಿ ತಯಾರಾದ ಪಂಪುಗಳ ಮೇಲೆ.

ಭಾರತದ ಮಟ್ಟಿಗೆ ಈ ಎಂಜಿನ್ನಿಗೆ ದೆಸೆ ತಿರುಗಿದ್ದು 2007ರ ಜನವರಿಯಲ್ಲಿ, ಡೀಸೆಲ್ ಸ್ವಿಫ್ಟ್ ಬಂದಾಗ. ಮಾರುತಿಯ ಎಂಜಿನ್‌ಗಳು ಪರವಾನಗಿಯ ಮೇಲೆ ಮಾನೇಸರದಲ್ಲಿ ತಯಾರಾದವು, ಫಿಯೆಟ್ ಮತ್ತು ಟಾಟಾದವು ಪುಣೆ ಬಳಿಯ ರಂಜನಗಾಂವದಲ್ಲಿ. ಪೆಟ್ರೋಲಿಗೂ ಡೀಸೆಲ್ಲಿಗೂ ಬೆಲೆಯ ಅಂತರ ಹಿಗ್ಗಿದ್ದ ಆ ವರ್ಷಗಳಲ್ಲಿ ಬೇಡಿಕೆ ಎಷ್ಟಿತ್ತೆಂದರೆ, 2012ರಲ್ಲಿ ಮಾರುತಿ ತನ್ನ ಕಾರ್ಖಾನೆಯ ಉತ್ಪಾದನೆ ಸಾಲದೆ ವರ್ಷಕ್ಕೆ ಒಂದು ಲಕ್ಷದವರೆಗೆ ಎಂಜಿನ್ ಕೊಡಿ ಎಂದು ಫಿಯೆಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಪ್ರತಿಸ್ಪರ್ಧಿಯ ಎಂಜಿನ್ ಕೊಂಡು ತನ್ನ ಕಾರಿಗೆ ಕೂರಿಸುವುದು! ಪುಂಟೊ, ಲಿನಿಯಾಗಳು ಷೋರೂಮಿನಲ್ಲಿ ನಿದ್ದೆ ಮಾಡುತ್ತಿದ್ದಾಗ ಅದೇ ಎಂಜಿನ್ ಹೊತ್ತ ಸ್ವಿಫ್ಟ್‌ಗೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ಇನ್ನು ಜಾತಕ. ಬೋರು 69.6 ಮಿಲಿಮೀಟರ್, ಸ್ಟ್ರೋಕು 82. ನಾಲ್ಕು ಸಿಲಿಂಡರ್ ಸೇರಿ 1248 ಸಿಸಿ. ಹದಿನಾರು ವಾಲ್ವ್, ಎರಡು ಕ್ಯಾಮ್‌ಶಾಫ್ಟ್. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯುಮಿನಿಯಂ, ಒಟ್ಟು ತೂಕ ಸುಮಾರು 130 ಕಿಲೊ. ಡೀಸೆಲ್ ಎಂಜಿನ್ನಿಗೆ ಇದು ತೀರಾ ಹಗುರ. ಒಂದು ಸುತ್ತಿನ ದಹನಕ್ಕೆ ಡೀಸೆಲ್ಲನ್ನು ಒಮ್ಮೆಲೇ ಸುರಿಯದೆ ಐದು ಕಂತಿನವರೆಗೆ ಚಿಮುಕಿಸುತ್ತದೆ. ಹಳೆಯ ಡೀಸೆಲ್‌ಗಳ ಟಕಟಕ ಸದ್ದು ಇದರಲ್ಲಿ ತಗ್ಗಿದ್ದು ಆ ಕಾರಣಕ್ಕೆ. ಮೊದಲ ಸ್ವಿಫ್ಟ್‌ನಲ್ಲಿ 75 ಪಿಎಸ್ ಶಕ್ತಿ, 2000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್. ಎರ್ಟಿಗಾ, ಸಿಯಾಜ್, ಬ್ರೆಜಾಗಳಿಗೆ ಬಂದದ್ದು ರೆಕ್ಕೆಗಳ ಕೋನ ಬದಲಿಸಿಕೊಳ್ಳಬಲ್ಲ ವಿಜಿಟಿ ಟರ್ಬೊ ಇರುವ 90 ಪಿಎಸ್, 200 ನ್ಯೂಟನ್ ಮೀಟರ್‌ನ ರೂಪ. 2005ರಲ್ಲಿ ಒಂದರಿಂದ 1.4 ಲೀಟರ್ ವರ್ಗದ ಅಂತರರಾಷ್ಟ್ರೀಯ 'ವರ್ಷದ ಎಂಜಿನ್' ಪ್ರಶಸ್ತಿ ಇದಕ್ಕೇ ಸಂದಿತ್ತು. ಮೈಲೇಜಿನ ಮಾತಿಗೆ ಬಂದರೆ, ಕೊನೆಯ ತಲೆಮಾರಿನ ಡೀಸೆಲ್ ಸ್ವಿಫ್ಟ್‌ಗೆ ಕಂಪನಿ ಪ್ರಕಟಿಸಿದ ಅಂಕಿ ಲೀಟರಿಗೆ 28.4 ಕಿಲೊಮೀಟರ್. ರಸ್ತೆಯಲ್ಲಿ ಅಷ್ಟನ್ನು ನಿರೀಕ್ಷಿಸಬೇಡಿ.

ಕಂಪನಿಗಳ ಕರಪತ್ರಗಳು ಎತ್ತಿ ಹಿಡಿಯದ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಅಂಕಿ ಇದೆ. ಈ ಎಂಜಿನ್ನಿನ ಹೊಟ್ಟೆಯಲ್ಲಿ ಹಿಡಿಯುವ ಆಯಿಲ್ ಸುಮಾರು ಮೂರು ಲೀಟರ್, ಅಷ್ಟೇ. ಆ ಮೂರು ಲೀಟರ್ ಏನೇನು ಮಾಡಬೇಕು ನೋಡಿ. ನಿಮಿಷಕ್ಕೆ ಎರಡು ಲಕ್ಷದ ಆಸುಪಾಸು ಸುತ್ತುವ ಟರ್ಬೊದ ದಂಡವನ್ನು ತೇಲಿಸಬೇಕು, ತಂಪಾಗಿಡಬೇಕು. ವಾಲ್ವ್‌ಗಳ ಅಂತರವನ್ನು ತಾವೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ಗಳಿಗೆ ಒತ್ತಡ ಕೊಡಬೇಕು. ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೂಡ ಆಯಿಲ್ ಒತ್ತಡದ ಮೇಲೇ ನಿಂತಿದೆ. ಡೀಸೆಲ್ಲಿನ ಮಸಿ ಬಂದು ಸೇರುವುದೂ ಅದರಲ್ಲೇ. ದೊಡ್ಡ ಎಂಜಿನ್‌ಗಳಲ್ಲಿ ಐದಾರು ಲೀಟರ್ ಹಂಚಿಕೊಳ್ಳುವ ಕೊಳೆ ಇಲ್ಲಿ ಮೂರೇ ಲೀಟರಿನ ಪಾಲು. ಅರ್ಧ ಲೀಟರ್ ಕಡಿಮೆಯಾದರೆ ಆರರಲ್ಲೊಂದು ಪಾಲು ಹೋಯಿತು ಎಂದೇ ಲೆಕ್ಕ. ಈ ಎಂಜಿನ್ನಿನ ಹೆಸರಿಗೆ ಅಂಟಿದ ದೂರುಗಳಲ್ಲಿ ಅರ್ಧಕ್ಕೂ ಹೆಚ್ಚು ಬೇರೆ ಬೇರೆ ದೂರುಗಳಲ್ಲ, ಒಂದೇ ದೂರಿನ ನಾಲ್ಕಾರು ವೇಷಗಳು ಎಂಬುದು ನನ್ನ ವಾದ.

ಮೊದಲ ವೇಷ ಚೈನ್. ಬೆಲ್ಟ್ ಬದಲು ಚೈನ್ ಇದೆ, ಬದಲಿಸುವ ತಾಪತ್ರಯವಿಲ್ಲ ಎಂದು ಷೋರೂಮಿನಲ್ಲಿ ಹೇಳಿದ್ದನ್ನು ಜನ ನಂಬಿದರು. ಬೆಲ್ಟ್ ಇರುವ ಎಂಜಿನ್ನಿಗಾದರೆ ಇಷ್ಟು ಕಿಲೊಮೀಟರಿಗೆ ಬದಲಿಸು ಎಂಬ ಗಡುವಾದರೂ ಇರುತ್ತದೆ, ಇಲ್ಲಿ ಗಡುವೇ ಇಲ್ಲ. ಆಯಿಲ್ ಹಳಸಿದಾಗ ಚೈನಿನ ಪಿನ್ನುಗಳು ಸವೆದು ಅದು ಉದ್ದವಾಗುತ್ತದೆ, ಟೆನ್ಷನರ್ ಕೈ ಚಾಚಿ ಚಾಚಿ ಕೊನೆಗೆ ಸೋಲುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ನಿನ ಪಕ್ಕದಿಂದ ಗರಗರ ಸದ್ದು ಬರುತ್ತದೆ. ಆಯಿಲ್ ಒತ್ತಡ ಏರುವವರೆಗೆ ಒಂದೆರಡು ಸೆಕೆಂಡ್ ಸದ್ದು ಬಂದರೆ ಕ್ಷಮಿಸಬಹುದು, ಅದಕ್ಕಿಂತ ಉದ್ದಕ್ಕೆ ಎಳೆದರೆ ಕ್ಷಮಿಸಬಾರದು. ಚೈನ್ ಹಲ್ಲು ಹಾರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಅದೃಷ್ಟವಿದ್ದರೆ ಕ್ಯಾಮಿಗೂ ವಾಲ್ವಿಗೂ ನಡುವಿನ ಸಣ್ಣ ರಾಕರ್‌ಗಳು ಮೊದಲು ಮುರಿದು ವಾಲ್ವನ್ನು ಉಳಿಸುತ್ತವೆ. ಅದೃಷ್ಟದ ಮೇಲೆ ಕಾರು ಓಡಿಸಲಾಗದು. ಬದಲಿಸುವ ಕೆಲಸ ಸಣ್ಣದಲ್ಲ, ಆಯಿಲ್ ಪಂಪ್ ಸೇರಿಕೊಂಡಿರುವ ಮುಂಗವಚವನ್ನೂ ಕೆಳಗಿನ ಸಂಪನ್ನೂ ಬಿಚ್ಚಬೇಕು. 'ಸುಮ್ನೆ ಟೆನ್ಷನರ್ ಒಂದು ಹಾಕ್ತೀನಿ ಸಾರ್' ಎನ್ನುವ ಮೆಕ್ಯಾನಿಕ್ ಸಿಕ್ಕರೆ ಚೈನ್, ಗೈಡ್, ಹಲ್ಲುಚಕ್ರ ಎಲ್ಲ ಒಟ್ಟಿಗೆ ಹಾಕಿ ಎಂದು ಹೇಳಿ. ಆತ ಒಪ್ಪದಿದ್ದರೆ ಬೇರೆ ಗ್ಯಾರೇಜ್ ನೋಡಿ.

ಎರಡನೆಯದು ಟರ್ಬೊ. ಹೆದ್ದಾರಿಯಲ್ಲಿ ನೂರಿಪ್ಪತ್ತರ ವೇಗದಲ್ಲಿ ಬಂದು ಢಾಬಾದ ಮುಂದೆ ಥಟ್ಟನೆ ಕೀ ತಿರುಗಿಸಿದರೆ ಕಾದು ಕೆಂಪಾದ ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಇದ್ದಿಲಾಗುತ್ತದೆ. ಆ ಕರಿ ಪೂರೈಕೆಯ ಸಣ್ಣ ಕೊಳವೆಗೆ ಅಡ್ಡ ನಿಂತರೆ ಟರ್ಬೊ ಬಾಯಾರಿ ಸಾಯುತ್ತದೆ. ಹೊಸ ಟರ್ಬೊ ಹಾಕಿಸಿ ಹಳೆಯ ಕೊಳವೆ ಹಾಗೇ ಬಿಟ್ಟವರಿಗೆ ಎರಡನೇ ಟರ್ಬೊದ ಬಿಲ್ಲೂ ಬೇಗ ಬರುತ್ತದೆ. ಎರಡೂ ವೇಷಗಳಿಗೆ ಮದ್ದು ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದು. ಆದರೆ ಯುರೋಪಿನಲ್ಲಿ ಮೂವತ್ತು ಸಾವಿರ ಕಿಲೊಮೀಟರಿಗೊಮ್ಮೆ ಆಯಿಲ್ ಬದಲಿಸಿದರೆ ಸಾಕೆಂದರು. ಅಲ್ಲಿನ ಚೈನುಗಳ ಅಪಖ್ಯಾತಿಗೆ ಅದೂ ಒಂದು ಕಾರಣ ಎಂದೇ ನನ್ನ ಲೆಕ್ಕ. ಮಾರುತಿ ಇಲ್ಲಿ ಹತ್ತು ಸಾವಿರ ಎಂದದ್ದು ಬುದ್ಧಿವಂತಿಕೆ. ಪೇಟೆಯೊಳಗೇ ಓಡುವ ಕಾರಾದರೆ ನಾನು ಎಂಟು ಸಾವಿರಕ್ಕೇ ಬದಲಿಸಿ ಎನ್ನುತ್ತೇನೆ, ಕೈಪಿಡಿ ಹೇಳಿದ ದರ್ಜೆಯದ್ದನ್ನೇ ಹಾಕಿ. ಟ್ರ್ಯಾಕ್ಟರಿಗೆ ತಂದು ಉಳಿದದ್ದನ್ನು ಇದಕ್ಕೆ ಸುರಿಯಬೇಡಿ.

ಆಯಿಲ್ ಬಿಟ್ಟರೆ ಗಾಳಿಯ ತೊಂದರೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಇಜಿಆರ್ ವಾಲ್ವ್ ಸುಟ್ಟ ಗಾಳಿಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಉಣಿಸುತ್ತದೆ. ಆ ಮಸಿಯೂ ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿಯೂ ಬೆರೆತು ಗಾಳಿ ಹೋಗುವ ಹಾದಿಯಲ್ಲಿ ಅಡುಗೆಮನೆ ಹೊಗೆಗೂಡಿನ ಜಿಡ್ಡಿನಂತೆ ಮೆತ್ತಿಕೊಳ್ಳುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಂದಣಿಯಲ್ಲಿ ತೆವಳುವ ಕಾರಿಗೆ ಇದು ಬೇಗ ಬರುತ್ತದೆ, ಹುಬ್ಬಳ್ಳಿಗೂ ಬೆಂಗಳೂರಿಗೂ ಓಡಾಡುವ ಕಾರಿಗೆ ತಡವಾಗಿ. ಪಿಕಪ್ ಇಲ್ಲ, ಕಪ್ಪು ಹೊಗೆ, ನಿಂತಲ್ಲಿ ಎಂಜಿನ್ ನಡುಗುವುದು ಇದರ ಲಕ್ಷಣ. ಬಿಚ್ಚಿ ತೊಳೆದರೆ ಬಹುತೇಕ ಸರಿಹೋಗುತ್ತದೆ. ಇದೇ ಲಕ್ಷಣ ಇಂಟರ್‌ಕೂಲರಿನ ರಬ್ಬರ್ ಪೈಪು ಸೀಳಿದಾಗಲೂ ಕಾಣುತ್ತದೆ. ಎಷ್ಟೋ ಜನ ಕೆಲವು ನೂರು ರೂಪಾಯಿಯ ಕ್ಲಿಪ್ ಸಡಿಲವಾಗಿದ್ದಕ್ಕೆ ಟರ್ಬೊ ಬದಲಿಸಿದ್ದಾರೆ. ಹೊಸ ಭಾಗ ಕೊಳ್ಳುವ ಮುಂಚೆ ಪೈಪಿನ ಸುತ್ತ ಕೈಯಾಡಿಸಿ ನೋಡಿ, ಹೊಸದಾಗಿ ಜಿಡ್ಡು ಸಿಡಿದಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ಇಂಜೆಕ್ಟರ್‌ಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್ ಒತ್ತಡ, ಇವುಗಳ ಬೆನ್ನಿಗೆ ಸಾವಿರಕ್ಕೂ ಮೀರಿದ ಬಾರ್. ಅಲ್ಲಿ ಒಂದು ಹನಿ ನೀರು ಕೂಡ ವಿಷ. ಡೀಸೆಲ್ ಫಿಲ್ಟರ್ ಬದಲಿಸಲು ಜಿಪುಣತನ ಬೇಡ, ಫಿಲ್ಟರಿನಲ್ಲಿ ನೀರಿದೆ ಎಂಬ ದೀಪ ಹತ್ತಿದರೆ ಅಂದೇ ತೆಗೆಸಿ.

ದೋಷವೆಂದು ಹೇಳಲಾಗದ, ಆದರೆ ಓಡಿಸುವವರನ್ನು ಕಾಡುವ ಗುಣ ಟರ್ಬೊ ಲ್ಯಾಗ್. 75 ಪಿಎಸ್ ರೂಪದಲ್ಲಿ 1800 ಆರ್‌ಪಿಎಂ ಕೆಳಗೆ ಈ ಎಂಜಿನ್ ಕಾರನ್ನು ಎಳೆಯುತ್ತದೆ ಎನ್ನುವುದಕ್ಕಿಂತ ಸಹಿಸಿಕೊಳ್ಳುತ್ತದೆ ಎನ್ನಬೇಕು. ಎರಡು ಸಾವಿರ ದಾಟಿದೊಡನೆ ಹಿಂದಿನಿಂದ ಯಾರೋ ನೂಕಿದ ಹಾಗೆ ಮುನ್ನುಗ್ಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ, ಮಳೆಗಾಲದ ಚಾರ್ಮಾಡಿಯಲ್ಲಿ ಇದರ ಪರೀಕ್ಷೆ. ಎರಡನೇ ಗೇರಿನಲ್ಲೇ ತಿರುವು ದಾಟಿಸುತ್ತೇನೆಂಬ ಹಟ ಹಿಡಿದರೆ ಎಂಜಿನ್ ಮುಗ್ಗರಿಸುತ್ತದೆ, ಆಗ ಚಾಲಕ ಅರ್ಧ ಕ್ಲಚ್ ಒತ್ತಿ ಉಜ್ಜುತ್ತಾನೆ. ಘಟ್ಟದ ಕಾರುಗಳ ಕ್ಲಚ್ ಬೇಗ ಸುಡುವುದು ಹೀಗೆ. ನಾಚಿಕೆಯಿಲ್ಲದೆ ಮೊದಲನೇ ಗೇರಿಗೆ ಇಳಿಯಬೇಕು. ಬಿಡದಿಯಲ್ಲಿ ತಯಾರಾದ ಟೊಯೊಟಾ ಎಟಿಯೋಸ್‌ನ 1.4 ಲೀಟರ್ ಡೀಸೆಲ್ ಶಕ್ತಿಯಲ್ಲಿ ಇದಕ್ಕಿಂತ ಕಡಿಮೆ, ಬರೀ 68 ಪಿಎಸ್. ಆದರೂ ಘಟ್ಟದ ಟ್ಯಾಕ್ಸಿಯವರು ಅದನ್ನು ಮೆಚ್ಚಿದರೆ ಆಶ್ಚರ್ಯವಿಲ್ಲ, ಅದು ಕೆಳಗಿನ ಆರ್‌ಪಿಎಂನಿಂದಲೇ ಎಳೆಯುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಜಾರಿಯಾದಾಗ ಈ ಎಂಜಿನ್ನಿನ ಆಟ ಮುಗಿಯಿತು. ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೊಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಯಿತು. ಅದಕ್ಕೆ ಬೇಕಾದ ಸಲಕರಣೆ ಸೇರಿಸಿದರೆ ಸಣ್ಣ ಕಾರಿನ ಬೆಲೆ ಕೈಮೀರುತ್ತಿತ್ತು. ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು, ಫಿಯೆಟ್ ಕಾರುಗಳು ಅಷ್ಟರಲ್ಲೇ ಅಂಗಡಿ ಮುಚ್ಚಿದ್ದವು. ಅಂದರೆ ಈಗ ಸಿಗುವುದೆಲ್ಲ ಸೆಕೆಂಡ್ಸ್, ಮೊದಮೊದಲಿನವು ಹದಿನೈದು ವರ್ಷ ದಾಟಿ ನೋಂದಣಿ ನವೀಕರಣದ ಸಾಲಿನಲ್ಲಿವೆ.

ಯಾವುದನ್ನು ಕೊಳ್ಳಬೇಕು? ಓಡಿಸುವ ಸುಖವೇ ಬೇಕೆಂದರೆ ಪುಂಟೊ. ಅದರ ಸ್ಟೀರಿಂಗಿನ ತೂಕ ಬೇರೆ ಯಾವುದರಲ್ಲೂ ಇಲ್ಲ. ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗಬೇಕೆಂದರೆ ಸ್ವಿಫ್ಟ್ ಅಥವಾ ಡಿಸೈರ್. ಶಕ್ತಿಯ ಆಸೆಗೆ 90 ಪಿಎಸ್ ರೂಪದ ಹಿಂದೆ ಬೀಳುವವರಿಗೆ ನನ್ನ ಎಚ್ಚರಿಕೆ ಇದು: ವಿಜಿಟಿ ಟರ್ಬೊದ ರೆಕ್ಕೆಗಳು ಮಸಿಗೆ ಸಿಕ್ಕಿ ಜಾಮ್ ಆಗುತ್ತವೆ, ಅದರ ರಿಪೇರಿಯ ಖರ್ಚೂ ಹೆಚ್ಚು. ಲಕ್ಷ ಕಿಲೊಮೀಟರ್ ದಾಟಿದ ಕಾರಾದರೆ ಸರಳ ಟರ್ಬೊದ 75 ಪಿಎಸ್ ಎಂಜಿನ್ನೇ ವಾಸಿ. ಸರ್ವೀಸ್ ಪುಸ್ತಕದಲ್ಲಿ ಆಯಿಲ್ ಬದಲಿಸಿದ ದಿನಾಂಕಗಳನ್ನು ಓದಿ, ಮೀಟರಿನ ಅಂಕಿಗಿಂತ ಅವೇ ನಿಜ ಹೇಳುತ್ತವೆ. ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ. ಕಾರು ನೋಡಲು ಬೆಳಿಗ್ಗೆ ಹೋಗಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿಡಿ. ಹೋದಾಗ ಬಾನೆಟ್ ಬೆಚ್ಚಗಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಆ ಕಾರು ಬೇಡ.