ಮೊಹರು ಭದ್ರ, ಮಾಲು ಕೊಳೆತಿದೆ

‘ಮೊಹರುಗಳು ಭದ್ರವಾಗಿದ್ದು ಮಾದರಿ ಮೊಹರಿನೊಂದಿಗೆ ತಾಳೆಯಾಗಿವೆ.’ ವಿಧಿವಿಜ್ಞಾನ ಪ್ರಯೋಗಾಲಯದ ವರದಿಗಳಲ್ಲಿ ತಪ್ಪದೆ ಬರುವ ಈ ಸಾಲಿಗೆ ನಮ್ಮ ಸೆಷನ್ಸ್ ಕೋರ್ಟುಗಳಲ್ಲಿ ಸಿಗುವ ಮರ್ಯಾದೆ ಅದರ ಕೆಳಗಿನ ಫಲಿತಾಂಶಕ್ಕೂ ಸಿಗುವುದಿಲ್ಲ. ಸರ್ಕಾರಿ ಅಭಿಯೋಜಕರು ಅದನ್ನು ಗುರಾಣಿಯಂತೆ ಹಿಡಿಯುತ್ತಾರೆ. ಆರೋಪಿ ಪರ ವಕೀಲರು ಪಾಟೀಸವಾಲಿನ ಬಹುಪಾಲು ಹೊತ್ತನ್ನು ಅಲ್ಲೇ ಕಳೆಯುತ್ತಾರೆ: ಸೀಲು ಯಾರ ಕೈಲಿತ್ತು, ಪಂಚರಿಗೆ ಒಪ್ಪಿಸಿದಿರಾ, ಚೀಟಿಯ ಮೇಲಿನ ಸಹಿ ಯಾರದು. ಇಬ್ಬರೂ ಜಗಳವಾಡುವುದು ಅರಗಿನ ಸುತ್ತಲೇ. ಅದೇ ವರದಿಯ ಕೆಳಗೆ ‘ರಕ್ತ ವಿಘಟನೆಗೊಂಡಿದ್ದರಿಂದ ಮೂಲ ನಿರ್ಧರಿಸಲಾಗಲಿಲ್ಲ’ ಎಂದಿದ್ದರೆ ಇಬ್ಬರೂ ಅದನ್ನು ಮಳೆ ಬಂತು ಎಂಬಷ್ಟು ಸಹಜವಾಗಿ ದಾಟಿ ಹೋಗುತ್ತಾರೆ. ಬಟ್ಟೆಯಲ್ಲಿ ಹೊಲಿದು ಅರಗು ಸುರಿಯುವ ನಮ್ಮ ಪದ್ಧತಿಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು.

ಯಾವುದಾದರೂ ಠಾಣೆಯ ಅಮಾನತು ಪಂಚನಾಮೆ ತೆಗೆದು ನೋಡಿ. ಒಕ್ಕಣೆ ಹೆಚ್ಚು ಕಡಿಮೆ ಹೀಗಿರುತ್ತದೆ: ರಕ್ತದ ಕಲೆಯುಳ್ಳ ಒಂದು ಅಂಗಿಯನ್ನು ಪಂಚರ ಸಮಕ್ಷಮ ವಶಕ್ಕೆ ಪಡೆದು, ಬಿಳಿ ಬಟ್ಟೆಯಲ್ಲಿ ಹಾಕಿ ಹೊಲಿದು, ಅರಗಿನಿಂದ ಇಂಥ ಅಕ್ಷರದ ಸೀಲು ಮಾಡಿ, ಪಂಚರ ಸಹಿಯುಳ್ಳ ಚೀಟಿ ಅಂಟಿಸಲಾಯಿತು. ಹಾಕಿದ್ದು, ಹೊಲಿದದ್ದು, ಸೀಲು ಮಾಡಿದ್ದು, ಅಂಟಿಸಿದ್ದು, ಎಲ್ಲವೂ ಪೊಟ್ಟಣದ ಹೊರಮೈಯ ಕೆಲಸ. ಒಳಗಿರುವ ಅಂಗಿಗೆ ದಕ್ಕಿದ್ದು ಒಂದೇ ವಿಶೇಷಣ, ‘ರಕ್ತದ ಕಲೆಯುಳ್ಳ’. ಕಲೆ ಹಸಿಯೋ ಒಣಗಿದ್ದೋ? ಅಂಗಿಯನ್ನು ಮಡಚುವಾಗ ಎದೆಭಾಗದ ಕಲೆ ಬೆನ್ನಿನ ಭಾಗಕ್ಕೆ ತಾಗಿತೇ? ಮಡಿಕೆಗಳ ನಡುವೆ ಕಾಗದ ಇಟ್ಟರೇ? ಆರೋಪಿಯ ಅಂಗಿಯೂ ಸತ್ತವನ ಪಂಚೆಯೂ ಒಂದೇ ಚೀಲದಲ್ಲಿ ಠಾಣೆಗೆ ಬಂದು, ಅಲ್ಲಿ ಬೇರೆ ಬೇರೆ ಪೊಟ್ಟಣಗಳಾದವೇ? ಕೊನೆಯದು ನಡೆದಿದ್ದರೆ ಎಷ್ಟು ಅರಗು ಸುರಿದರೂ ಪ್ರಯೋಜನವಿಲ್ಲ. ಒಂದರ ರಕ್ತ, ಕೂದಲು, ನೂಲು ಇನ್ನೊಂದಕ್ಕೆ ಆಗಲೇ ಅಂಟಿರುತ್ತದೆ. ಎರಡು ವಸ್ತುಗಳು ತಾಗಿದರೆ ಒಂದರ ಗುರುತು ಇನ್ನೊಂದರಲ್ಲಿ ಉಳಿಯುತ್ತದೆ ಎಂಬ ಎಡ್ಮಂಡ್ ಲೊಕಾರ್‌ನ ತತ್ವ ಅಪರಾಧಿಗಷ್ಟೇ ಅಲ್ಲ, ಪೊಟ್ಟಣ ಕಟ್ಟುವ ಕಾನ್‌ಸ್ಟೇಬಲ್‌ಗೂ ಅನ್ವಯಿಸುತ್ತದೆ.

ಒದ್ದೆಯ ವಿಚಾರವೇ ಎಲ್ಲಕ್ಕಿಂತ ದೊಡ್ಡದು. ಹಸಿ ರಕ್ತಕ್ಕೆ ಶತ್ರುಗಳು ತೇವ ಮತ್ತು ಸೆಕೆ. ಎರಡೂ ಸೇರಿದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಡಿಎನ್‌ಎ ತುಂಡುತುಂಡಾಗುತ್ತದೆ. ಬಿಸಿಲಿಗೆ ಹಾಕಿ ಒಣಗಿಸುವಂತೆಯೂ ಇಲ್ಲ, ಅತಿನೇರಳೆ ಕಿರಣ ಡಿಎನ್‌ಎಯನ್ನು ಹಾಳುಮಾಡುತ್ತದೆ. ನೆರಳಲ್ಲಿ, ಗಾಳಿಯಾಡುವಲ್ಲಿ, ಒಂದೊಂದನ್ನೂ ಬೇರೆಬೇರೆ ಹರವಿ ಒಣಗಿಸಿ, ಕಾಗದದ ಕವರಿನಲ್ಲಿ ಇಡಬೇಕು. ಇದು ಹೊಸ ವಿದ್ಯೆಯೇನಲ್ಲ, ಪೊಲೀಸ್ ತರಬೇತಿ ಶಾಲೆಯ ಪಾಠದಲ್ಲೂ ಇದೆ. ಆದರೆ ಒಣಗಿಸಲು ಠಾಣೆಯಲ್ಲಿ ಬೀಗ ಹಾಕುವ ಒಂದು ಖಾಲಿ ಕೋಣೆ ಬೇಕು, ಒಂದು ರಾತ್ರಿಯ ತಾಳ್ಮೆ ಬೇಕು. ಅದರ ಮೇಲೆ, ಮಹಜರು ಸ್ಥಳದಲ್ಲೇ ಮುಗಿಯಬೇಕು, ಸೀಲು ಪಂಚರ ಕಣ್ಣೆದುರೇ ಬೀಳಬೇಕು. ಹಾಗಾಗಿ ಹಸಿ ಬಟ್ಟೆ ಪಾಲಿಥೀನಿಗೆ ಹೋಗುತ್ತದೆ, ಪಾಲಿಥೀನು ಬಟ್ಟೆಯೊಳಗೆ ಹೋಗುತ್ತದೆ, ಮೇಲೆ ಅರಗು ಬೀಳುತ್ತದೆ. ಭದ್ರತೆಯ ವಿಧಿಯೇ ಮಾಲನ್ನು ಕೊಳೆಸುತ್ತದೆ.

ಬೆಂಕಿಯ ಪ್ರಕರಣಗಳಲ್ಲಿ ಇದೇ ಕಥೆ ತಲೆಕೆಳಗಾಗಿ ನಡೆಯುತ್ತದೆ. ಅರ್ಧ ಸುಟ್ಟ ಸೀರೆಯಲ್ಲಿ ಸೀಮೆಎಣ್ಣೆ ಇತ್ತೇ ಎಂದು ಹೇಳಬೇಕಾದರೆ ಅದರ ಆವಿ ಹೊರಹೋಗಬಾರದು. ಗಾಜಿನ ಜಾಡಿಯೋ ಬಿಗಿ ಮುಚ್ಚಳದ ತಗಡಿನ ಡಬ್ಬಿಯೋ ಬೇಕು. ಸಾಮಾನ್ಯ ಪಾಲಿಥೀನು ಕೂಡ ಆ ಆವಿಯನ್ನು ಬಿಟ್ಟುಕೊಡುತ್ತದೆ, ಇನ್ನು ಹತ್ತಿ ಬಟ್ಟೆಯ ಪಾಡೇನು! ನಾಲ್ಕೂ ಮೂಲೆಗೆ ಸೀಲು ಬಿದ್ದ ಪೊಟ್ಟಣ ಪ್ರಯೋಗಾಲಯದ ಕಪಾಟಿನಲ್ಲಿ ತನ್ನ ಸರದಿಗೆ ಕಾಯುತ್ತ ಒಳಗಿನ ಸಾಕ್ಷ್ಯವನ್ನು ನೇಯ್ಗೆಯ ಸಂದಿಗಳಿಂದ ಗಾಳಿಗೆ ಬಿಡುತ್ತಿರುತ್ತದೆ. ವರದಿ ಬರುತ್ತದೆ: ಮೊಹರು ಭದ್ರ, ಸೀಮೆಎಣ್ಣೆಯ ಅಂಶ ಕಂಡುಬಂದಿಲ್ಲ. ಎರಡೂ ನಿಜ.

ನ್ಯಾಯಾಲಯಗಳು ಈ ನಷ್ಟವನ್ನು ಹೇಗೆ ಓದಿವೆ? ಸುಪ್ರೀಂ ಕೋರ್ಟಿನ 1999ರ ತೇಜಾರಾಮ್ ತೀರ್ಪನ್ನು ವಕೀಲರೆಲ್ಲ ಬಲ್ಲರು. ಒಂದು ಕೊಡಲಿಯ ಮೇಲಿನದು ಮನುಷ್ಯರಕ್ತವೆಂದು ಗೊತ್ತಾಯಿತು, ಇನ್ನೊಂದರ ಮೇಲಿನ ರಕ್ತದ ಮೂಲ ಗೊತ್ತಾಗಲಿಲ್ಲ. ಸೀರಂ ವಿಘಟನೆಯಿಂದ ಮೂಲ ಪತ್ತೆಯಾಗದಿದ್ದ ಮಾತ್ರಕ್ಕೆ ಅದು ಮನುಷ್ಯರಕ್ತವೇ ಅಲ್ಲವೆಂದು ಭಾವಿಸಬೇಕಿಲ್ಲ ಎಂದು ಕೋರ್ಟು ಹೇಳಿತು. ತರ್ಕವಾಗಿ ಇದು ಸರಿ. ಆದರೆ ಅಲ್ಲಿ ಕೊಟ್ಟಿರುವ ಕಾರಣಗಳನ್ನು ಗಮನಿಸಿ: ಕಲೆ ತೀರಾ ಚಿಕ್ಕದಿರಬಹುದು, ರಕ್ತದಲ್ಲಿ ಬದಲಾವಣೆಗಳಾಗಿರಬಹುದು, ಪ್ಲಾಸ್ಮಾ ಹೆಪ್ಪುಗಟ್ಟಿರಬಹುದು. ಎಲ್ಲವೂ ರಕ್ತದ ಹಣೆಬರಹ. ಕಟ್ಟಿದ ಕೈಯ ಪ್ರಸ್ತಾಪವಿಲ್ಲ. ಕಳ್ಳಕೈ ಆಡಿದೆಯೆಂಬ ಸಂಶಯ ಬಂದರೆ ಮಾಲು ಬಿದ್ದುಹೋಗುತ್ತದೆ, ಬೇಜವಾಬ್ದಾರಿಯಿಂದ ಕೊಳೆಸಿದರೆ ಕ್ಷಮೆ ಸಿಗುತ್ತದೆ. ಯಾವ ಇನ್‌ಸ್ಪೆಕ್ಟರ್ ತಾನೇ ಒಣಗಿಸುವ ಕೋಣೆ ಕೇಳಿ ಅರ್ಜಿ ಬರೆದಾನು?

ಅರಗಿಗೂ ಒಂದಿಷ್ಟು ಗುಣವಿದೆ, ಹೇಳಿಬಿಡುತ್ತೇನೆ. ಅಗ್ಗ, ಎಲ್ಲ ಹೋಬಳಿಯಲ್ಲೂ ಸಿಗುತ್ತದೆ, ಒಡೆದರೆ ಕಾಣುತ್ತದೆ. ಒಣಗಿದ ಚಾಕುವಿಗೋ ಗುಂಡಿನ ಕಾಟ್ರಿಜ್‌ಗೋ ಸಾಲುತ್ತದೆ. ಚೀಟಿಯೂ ಕ್ಷುಲ್ಲಕವಲ್ಲ. 2008ರ ನೊಯ್ಡಾ ಜೋಡಿ ಕೊಲೆಯಲ್ಲಿ ಎರಡು ದಿಂಬಿನ ಚೀಲಗಳ ವಿವರ ಅದಲುಬದಲಾಗಿದ್ದು ಟೈಪಿಂಗ್ ತಪ್ಪೆಂದು ಹೈದರಾಬಾದಿನ ಪ್ರಯೋಗಾಲಯ 2011ರಲ್ಲಿ ಹೇಳಿದಾಗ ಎದ್ದ ಅನುಮಾನ ಕೊನೆಯವರೆಗೂ ಆರಲಿಲ್ಲ.

ಇನ್ನು ಈ ವಿಷಯದಲ್ಲಿ ಬರೆಯುವ ಉಳಿದವರ ಮಾತಿಗೆ ಬರುತ್ತೇನೆ. ನಿವೃತ್ತ ಪೊಲೀಸ್ ಅಧಿಕಾರಿಗಳ ಲೇಖನಗಳದು ಒಂದೇ ರಾಗ: ತಾಂತ್ರಿಕ ಕಾರಣಕ್ಕೆ ಅಪರಾಧಿಗಳು ಬಿಡುಗಡೆಯಾಗುತ್ತಾರೆ. ಅವರು ಬೊಟ್ಟು ಮಾಡುವುದು ದೆಹಲಿಯ ಛಾವ್ಲಾ ಪ್ರಕರಣದಂಥ ತೀರ್ಪುಗಳ ಕಡೆ. ಅಲ್ಲಿ 2012ರ ಫೆಬ್ರುವರಿಯಲ್ಲಿ ಮಾದರಿಗಳು 11 ದಿನ ಠಾಣೆಯ ಮಾಲ್‌ಖಾನೆಯಲ್ಲಿ ಉಳಿದಿದ್ದವು. 2022ರಲ್ಲಿ ಬಿಡುಗಡೆಯ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟು ಎತ್ತಿದ ಸಂಶಯಗಳಲ್ಲಿ ಇದೂ ಒಂದು. 11 ದಿನ ಮಾದರಿ ಎಲ್ಲಿ, ಹೇಗೆ, ಯಾವ ಉಷ್ಣತೆಯಲ್ಲಿತ್ತು ಎಂಬುದು ತಾಂತ್ರಿಕ ಸಣ್ಣತನವಲ್ಲ, ಸಾಕ್ಷ್ಯದ ಜೀವವೇ ಅದು. ಆದರೆ ಕೋರ್ಟು ಹುಡುಕಿದ್ದೂ ತಿದ್ದಿರಬಹುದಾದ ಕೈಯನ್ನೇ ಎಂಬುದನ್ನು ಆ ಅಧಿಕಾರಿಗಳನ್ನು ಹಳಿಯುವ ವಕೀಲ ಮಿತ್ರರು ಗಮನಿಸುವುದಿಲ್ಲ.

ಸುಪ್ರೀಂ ಕೋರ್ಟಿನ 2025ರ ಜುಲೈನ ಕಟ್ಟವೆಲ್ಲೈ ತೀರ್ಪು ಬಂದಾಗ ಕಾನೂನು ಅಂಕಣಕಾರರು ಹೊಸಯುಗವನ್ನೇ ಸಾರಿದರು. ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಹಸ್ತಾಂತರದ ರಿಜಿಸ್ಟರ್ ಇಡಬೇಕು, ಕೋರ್ಟಿನ ಅನುಮತಿಯಿಲ್ಲದೆ ಪೊಟ್ಟಣ ಬಿಚ್ಚಬಾರದು. ಒಳ್ಳೆಯ ನಿರ್ದೇಶನಗಳೇ. ಆದರೆ ‘ಸೂಕ್ತ’ ಪ್ಯಾಕಿಂಗ್ ಎಂದು ಹೇಳಿ ಪಟ್ಟಿ ಮಾಡಿದ್ದು ಏನನ್ನು? ಎಫ್‌ಐಆರ್ ಸಂಖ್ಯೆ, ದಿನಾಂಕ, ಕಲಮು, ತನಿಖಾಧಿಕಾರಿಯ ಹಾಗೂ ಠಾಣೆಯ ವಿವರ, ಕ್ರಮಸಂಖ್ಯೆ. ಮತ್ತದೇ ಚೀಟಿ. ಪಾಲಿಥೀನಿನಲ್ಲಿ ಬೆವರುತ್ತಿರುವ ಒದ್ದೆ ಬಟ್ಟೆಗೆ 48 ಗಂಟೆ ಕಡಿಮೆ ಅವಧಿಯೇನಲ್ಲ.

ವಿಡಿಯೊ ಪಕ್ಷದವರು ಇನ್ನೂ ಉತ್ಸಾಹಿಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿಯೆಲ್ಲ ಚಿತ್ರೀಕರಣವಾಗಬೇಕು. ಹಸಿ ಅಂಗಿಯನ್ನು ಪಾಲಿಥೀನಿಗೆ ತುರುಕುವ ದೃಶ್ಯ ಇನ್ನು ಮುಂದೆ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ ಲಾಭ. ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುವ 176(3) ನಿಜವಾಗಿ ಉಪಯೋಗದ್ದು. ಅದಕ್ಕೆ ಮಾತ್ರ ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ!

ಪೊಟ್ಟಣದ ಒಳಗನ್ನು ಓದುವುದು ಹೇಗೆಂದು ನೋಡಬೇಕಾದರೆ ಲಾಸ್ ಏಂಜಲೀಸ್‌ನ ಓ.ಜೆ. ಸಿಂಪ್ಸನ್ ಕೊಲೆ ವಿಚಾರಣೆಗೆ ಹೋಗಬೇಕು. ಅದನ್ನು ವಕೀಲರ ನಾಟಕವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. 1994ರ ಜೂನ್‌ನಲ್ಲಿ ರಕ್ತವನ್ನು ಹತ್ತಿಬಟ್ಟೆಯ ಚೂರುಗಳಿಗೆ ಹೀರಿಸಿ, ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಿಸಿಯೇರಿದ ವಾಹನದಲ್ಲಿ ಗಂಟೆಗಟ್ಟಲೆ ಇಟ್ಟಿದ್ದರು. ವಕೀಲ ಬ್ಯಾರಿ ಶೆಕ್ ಮಾದರಿ ಸಂಗ್ರಹಿಸಿದ ಡೆನಿಸ್ ಫಂಗ್‌ರನ್ನು ಕೆದಕಿದ್ದು ಇಂಥ ವಿವರಗಳ ಮೇಲೆಯೇ. ಕೆಟ್ಟ ಡಿಎನ್‌ಎ ಇನ್ನೊಬ್ಬರ ಡಿಎನ್‌ಎ ಆಗಿಬಿಡುವುದಿಲ್ಲ ಎಂಬ ಅಭಿಯೋಜಕರ ಉತ್ತರವೂ ಸರಿಯೇ ಇತ್ತು. ಆದರೆ ಆ ಚೂರುಗಳನ್ನು ರಾತ್ರಿ ಒಣಗಲು ಬಿಟ್ಟು ಬೆಳಿಗ್ಗೆ ಕಾಗದದಲ್ಲಿ ಮಡಚಿದ್ದೆಂದು ದಾಖಲೆ ಹೇಳುತ್ತಿದ್ದಾಗ, ಕೆಲವು ಕಾಗದಗಳ ಒಳಮೈಯಲ್ಲಿ ಹಸಿ ರಕ್ತ ಮೂಡಿದ ಗುರುತನ್ನು ಪ್ರತಿವಾದಿ ಪರ ತಜ್ಞ ಹೆನ್ರಿ ಲೀ ತೋರಿಸಿದರು. ಒಣಗಿದ ಚೂರು ಕಾಗದಕ್ಕೆ ಅಂಟುವುದು ಹೇಗೆ? ಪ್ರತಿವಾದಿಗಳು ಅದರಲ್ಲಿ ಸಂಚು ಕಂಡರು. ನನಗೆ ಕಾಣುವುದು ಸರಿಯಾಗಿ ಆರದ ಬಟ್ಟೆ. ಏನೇ ಇರಲಿ, ಒಣಗಿಸಿದ ಹೊತ್ತು ಬರೆದಿತ್ತು, ಸುತ್ತಿದ ಕಾಗದ ಉಳಿದಿತ್ತು, ಆದ್ದರಿಂದ ಒಂದನ್ನು ಇನ್ನೊಂದರ ಎದುರು ಹಿಡಿದು ಪ್ರಶ್ನೆ ಕೇಳಲು ಸಾಧ್ಯವಾಯಿತು. ನಮ್ಮ ಪಂಚನಾಮೆಯಲ್ಲಿ ಒಣಗಿಸಿದ ಹೊತ್ತಿಗೆ ಒಂದು ಸಾಲೂ ಇಲ್ಲ.