ಓದದೆ ಹೌದೆನ್ನುವ ಬೆರಳು

ಕ್ರಿಪ್ಟೋ ದುಡ್ಡಿನ ಕೀಲಿ ಕಾಯುವ ಹಾರ್ಡ್‌ವೇರ್ ವಾಲೆಟ್ಟಿನ ಮಾತು ಬಂದರೆ ನನ್ನ ಬೆಂಗಳೂರಿನ ಗೆಳೆಯರು ಟ್ರೆಜರ್ ಫರ್ಮ್‌ವೇರಿನ ಟೆಸ್ಟುಗಳಿಗೆ ಕೈಮುಗಿಯುತ್ತಾರೆ. ಪ್ರಾಗ್‌ನ ಸತೋಶಿಲ್ಯಾಬ್ಸ್ ಕಂಪನಿ 2014ರಲ್ಲಿ ಮಾರುಕಟ್ಟೆಗೆ ತಂದ ವಾಲೆಟ್ ಇದು. ಕೋಡೆಲ್ಲ ಬಯಲಿಗಿದೆ, ಸಾಧನವಿಲ್ಲದೆ ಕಂಪ್ಯೂಟರಿನಲ್ಲೇ ಓಡಿಸಲು ಎಮ್ಯುಲೇಟರೂ ಇದೆ. ತುರುವೇಕೆರೆಯ ಮನೆಯಲ್ಲಿ, ಕರೆಂಟು ಇದ್ದಷ್ಟು ಹೊತ್ತು, ನಾನೂ ಪೈಟೆಸ್ಟ್ ಓಡಿಸಿದ್ದೇನೆ. ಸಾಲುಸಾಲು ಹಸಿರು. ಆ ಹಸಿರಿನ ಮೇಲೇ ನನಗೆ ಅನುಮಾನ.

ವಾಲೆಟ್ಟಿನ ಕೀಲಿಗಳೆಲ್ಲ ಹುಟ್ಟುವುದು ಬೀಜಪದಗಳಿಂದ. ಟೆಸ್ಟಿಗೆ ಬಳಸುವವುಗಳಲ್ಲಿ ಒಂದು ಗುಂಪು ‘ಆಲ್’ ಎಂಬ ಪದವನ್ನೇ ಹನ್ನೆರಡು ಸಲ ಬರೆದದ್ದು. ಬೀಜಪದಗಳ ನಿಯಮವಾದ ಬಿಪ್-39ರ ಚೆಕ್‌ಸಮ್ಮಿಗೂ ಅದು ತಾಳೆಯಾಗುತ್ತದೆ. ಚೇಷ್ಟೆ ಚೆನ್ನಾಗಿದೆ. ಆಮೇಲಿನದು ಚೇಷ್ಟೆಯಲ್ಲ. ಟೆಸ್ಟ್ ಬರೆದವರು ಬೇರೇನೂ ಹೇಳದಿದ್ದರೆ, ಪರದೆಯ ಮೇಲೆ ಏನೇ ಬರಲಿ, ಟೆಸ್ಟಿನಲ್ಲಿ ಮನುಷ್ಯನ ಬೆರಳಿನ ಬದಲಿಗಿರುವ ಡೀಬಗ್‌ಲಿಂಕ್ ‘ಯೆಸ್’ ಒತ್ತುತ್ತದೆ. ಕಂಪ್ಯೂಟರ್ ಸುಳ್ಳು ಹೇಳಿದರೂ ಚಿಕ್ಕ ಪರದೆ ನಿಜ ಹೇಳಲಿ, ಮನುಷ್ಯ ಓದಿ ಒತ್ತಲಿ ಎಂದೇ ಹುಟ್ಟಿದ ಸಾಧನವಲ್ಲವೇ ಇದು? ಪರದೆಯಲ್ಲಿ ಮೊತ್ತ ತಪ್ಪಾಗಿ ಬಂದು ಸಹಿ ಸರಿಯಾಗಿಬಿಟ್ಟರೆ, ಆ ಬೆರಳಿಗೆ ಗೊತ್ತೇ ಆಗುವುದಿಲ್ಲ.

‘ಅದಕ್ಕೇ ಸ್ಕ್ರೀನ್‌ಶಾಟ್ ಪರೀಕ್ಷೆ ಇದೆಯಲ್ಲ ಮಾರಾಯ’ ಎಂದು ಗೆಳೆಯರೊಬ್ಬರು ಜಗಳಕ್ಕೇ ಬಂದರು. ಇದೆ. ಪ್ರತಿ ಟೆಸ್ಟಿನ ಪರದೆಗಳನ್ನು ಹ್ಯಾಶ್ ಮಾಡಿ, ಹಿಂದೆ ದಾಖಲಿಸಿಟ್ಟ ಹ್ಯಾಶ್ ಜೊತೆ ಹೋಲಿಸುತ್ತಾರೆ. ನಿನ್ನೆಯಂತೆಯೇ ಇವತ್ತೂ ಇದೆಯೇ ಎಂದಷ್ಟೇ ಅದು ಹೇಳುತ್ತದೆ. ನಿನ್ನೆಯದು ಸರಿಯಿತ್ತೇ ಎಂದಲ್ಲ. ಫಾಂಟ್ ಕೊಂಚ ಬದಲಾದರೆ ಸಾವಿರಾರು ಚಿತ್ರಗಳು ಒಟ್ಟಿಗೆ ಕೆಂಪಾಗುತ್ತವೆ. ಹಳತು ಹೊಸತನ್ನು ಪಕ್ಕಪಕ್ಕ ಇಟ್ಟು ತೋರಿಸುವ ವರದಿಯೂ ಬರುತ್ತದೆ. ನೂರನೆಯ ಜೋಡಿಯ ಹೊತ್ತಿಗೆ ಯಾರ ಕಣ್ಣು ನೆಟ್ಟಗಿರುತ್ತದೆ? ಹೊಸದನ್ನೇ ಮಾದರಿ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಗೆಳೆಯರು ಇದಕ್ಕೆ ಉತ್ತರ ಕೊಡಲಿಲ್ಲ, ಟೀ ತರಿಸಿದರು.

ಇನ್ನೊಂದು. ಡೀಬಗ್‌ಲಿಂಕ್ ಇರುವುದು ಡೀಬಗ್ ಬಿಲ್ಡಿನಲ್ಲಿ; ಗ್ರಾಹಕರ ಕೈಗೆ ಹೋಗುವ ಬಿಲ್ಡಿನಲ್ಲಿ ಅದು ಇರುವುದಿಲ್ಲ, ಇರಲೂಬಾರದು. ಅಂದರೆ ಪರೀಕ್ಷೆಯಾಗುವುದು ಒಂದು, ಗ್ರಾಹಕರಿಗೆ ಸಿಗುವುದು ಇನ್ನೊಂದು. ನಮ್ಮ ಕಡೆ ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲಿದ್ದು ಉಂಡೆ ಕೊಬ್ಬರಿಯಾಗುತ್ತದೆ. ನಮ್ಮಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಲೊಟಲೊಟ ಅಂದರೆ ಕೊಬ್ಬರಿ ಕರಟ ಬಿಟ್ಟಿದೆ. ಅಲ್ಲಾಡಿಸಿದ ಕಾಯಿಯ ಕೊಬ್ಬರಿಯೇ ತಿಪಟೂರಿನ ಮಾರುಕಟ್ಟೆಗೆ ಹೋಗುವುದು. ನೋಡುವುದಕ್ಕೆಂದು ಕಿಟಕಿ ಕೊರೆದ ಬೇರೆ ಕಾಯಿಯದಲ್ಲ. ಹಾಗಿದ್ದೂ, ಸದ್ದು ಸರಿಯಿದ್ದದ್ದು ಒಡೆದಾಗ ಕೌಟಾಗಿರುವುದುಂಟು. 2020ರ ಜನವರಿಯಲ್ಲಿ ಕ್ರಿಪ್ಟೋ ವಿನಿಮಯ ಸಂಸ್ಥೆ ಕ್ರಾಕನ್‌ನ ಭದ್ರತಾ ತಂಡ ತೋರಿಸಿದ್ದೂ ಅದನ್ನೇ: ಆಗಿನ ಟ್ರೆಜರ್ ಕೈಗೆ ಸಿಕ್ಕರೆ, ಚಿಪ್ಪಿನ ವೋಲ್ಟೇಜ್ ಅಲುಗಾಡಿಸಿ, ಹದಿನೈದು ನಿಮಿಷದಲ್ಲಿ ಬೀಜವನ್ನು ಹೊರಗೆಳೆಯಬಹುದಿತ್ತು. ಎಮ್ಯುಲೇಟರಿಗೆ ವೋಲ್ಟೇಜೇ ಇಲ್ಲ.

ಹೊಗಳಲೇಬೇಕೆಂದರೆ ಅಪ್‌ಗ್ರೇಡ್ ಟೆಸ್ಟುಗಳನ್ನು ಹೊಗಳುತ್ತೇನೆ. ಹಳೆಯ ಆವೃತ್ತಿಯಲ್ಲಿ ವಾಲೆಟ್ ಮಾಡು, ಹೊಸದಕ್ಕೆ ದಾಟಿಸು, ಅದೇ ವಿಳಾಸ ಬಂತೇ ನೋಡು. ನಾಲ್ಕಾರು ಸಾಲು, ಆದರೆ ಜನರ ದುಡ್ಡು ಹೋಗುವ ಜಾಗವನ್ನೇ ಮುಟ್ಟುತ್ತವೆ. ಇವುಗಳ ಹೆಸರನ್ನು ನನ್ನ ಗೆಳೆಯರ ಬಾಯಲ್ಲಿ ಒಮ್ಮೆಯೂ ಕೇಳಿಲ್ಲ.

ಇಂಥ ಟೆಸ್ಟ್ ಬರೆಯುವವರಲ್ಲಿ ನನ್ನದೊಂದು ಕೋರಿಕೆ: ಆ ಬೆರಳು ತಾನಾಗಿ ಒತ್ತುವುದು ‘ನೋ’ ಆಗಿರಲಿ. ‘ಯೆಸ್’ ಬೇಕಾದವರು ಯಾವ ವಿಳಾಸಕ್ಕೆ, ಎಷ್ಟು ಮೊತ್ತ ಎಂಬುದನ್ನು ಟೆಸ್ಟಿನಲ್ಲೇ ಬರೆದು ಒತ್ತಲಿ.