ಹಬೆಯಲ್ಲಿ ಸವೆಯುವ ವಯಸ್ಸು

ಭಾರತೀಯ ವಿಜ್ಞಾನ ಸಂಸ್ಥೆ 2024ರಲ್ಲಿ ‘ಲಾಂಜೆವಿಟಿ ಇಂಡಿಯಾ’ ಯೋಜನೆಗೆ ಚಾಲನೆ ಕೊಟ್ಟಿತು. ದೇಹಕ್ಕೆ ಮುಪ್ಪು ಹೇಗೆ ಬರುತ್ತದೆ ಎಂದು ತಿಳಿದು, ಆರೋಗ್ಯವಾಗಿ ಬಾಳುವ ವರ್ಷಗಳನ್ನು ಹೆಚ್ಚಿಸುವುದು ಅದರ ಗುರಿ. ಭಾರತೀಯರ ಮುಪ್ಪನ್ನು ಭಾರತೀಯರಲ್ಲೇ ಅಳೆಯಬೇಕೆಂಬ ಅದರ ನಿಲುವು ಸರಿಯಾದದ್ದೇ. ಆದರೂ ರಾಮನಗರದಲ್ಲಿ ನಿಂತು ನೋಡಿದಾಗ ಈ ಕೆಲಸಕ್ಕೆ ಮೊದಲ ಮಣೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿನ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದಕ್ಕೆ ಹೋಗಿ ನೋಡಿ. ಬೇಸಿನ್ನಿನ ಬಿಸಿನೀರಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿ ತೆಗೆಯುವುದು ಬರಿಗೈ ಬೆರಳು. ದಿನವಿಡೀ ನೆನೆದ ಬೆರಳಸಂದು ಬಿರಿಯುತ್ತದೆ, ಚರ್ಮ ಸುಲಿಯುತ್ತದೆ. ಗೂಡು ಬೇಯುವ ಹಬೆ, ಸತ್ತ ಹುಳುವಿನ ನಾತ ಹೊರಗೆ ಹೋಗಲು ದಾರಿಯಿಲ್ಲದೆ ಉಸಿರಿಗೇ ಸೇರುತ್ತವೆ. ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಪ್ರಕಟಿಸಿತು. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ಮೂವತ್ತು ದಾಟಿದೆ. ಅವರ ದೇಹ ಎಷ್ಟು ಸವೆದಿದೆಯೆಂದು ಹುಟ್ಟಿದ ವರ್ಷ ನೋಡಿ ಹೇಳಲಾಗದು. ಕನಕಪುರ, ಮಾಗಡಿ ಸೀಮೆಯ ಕಲ್ಲುಕ್ವಾರಿಗಳಲ್ಲಿ ದೂಳು ಕುಡಿದ ಶ್ವಾಸಕೋಶಗಳ ಮಾತೂ ಇದೇ.

ರೇಷ್ಮೆ ಕೆಲಸ ಉಸಿರು ಕೆಡಿಸುವುದು ಹೊಸ ಸಂಗತಿಯೇನಲ್ಲ. ನೂಲು ಬಿಚ್ಚುವ ಫಿಲೇಚರ್ ಕಾರ್ಮಿಕರಿಗೆ ಕೆಲಸದಿಂದಲೇ ಅಸ್ತಮಾ ಬರುತ್ತದೆಂದು ಸಂಶೋಧಕ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1985ರಲ್ಲೇ ಪ್ರಬಂಧ ಬರೆದಿದ್ದರು. ನಲವತ್ತು ವರ್ಷ ಕಳೆದಿದೆ. ಕಾರಣ ಗೊತ್ತು, ಪರಿಹಾರವೂ ಗೊತ್ತು: ಹಬೆ ಎಳೆಯುವ ಫ್ಯಾನು, ಗಾಳಿಯಾಡುವ ಕೋಣೆ, ವರ್ಷಕ್ಕೊಮ್ಮೆ ಶ್ವಾಸಕೋಶ ಪರೀಕ್ಷೆ, ಆ ದಿನದ ಕೂಲಿ ಕಳೆಯದಂತೆ ಔಷಧಿ. ಗೊತ್ತಿದ್ದೂ ಮಾಡದೆ ಬಿಟ್ಟದ್ದು ನನಗೆ ಸಿಟ್ಟು ತರಿಸುತ್ತದೆ.

ಮುಪ್ಪಿನ ಸಂಶೋಧನೆ ಬಡವರಿಗೆ ಬೇಡವೆಂದಲ್ಲ. ಮರೆವಿನ ಕಾಯಿಲೆ ಬಂದ ಅಜ್ಜಿಯನ್ನು ನೋಡಿಕೊಳ್ಳಲು ಕೂಲಿ ಮನೆಯಲ್ಲಿ ಯಾರಾದರೊಬ್ಬರು ಕೆಲಸ ಬಿಡಲೇಬೇಕು. ಇಂಥ ಸಂಶೋಧನೆಯ ಒಳ್ಳೆಯ ಮಾದರಿ ಕೋಲಾರ ಜಿಲ್ಲೆಯಲ್ಲಿದೆ. ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರದ ಹಳ್ಳಿಗಳ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟುಕೊಂಡಿದೆ. ಹಳ್ಳಿಯವರ ಮಿದುಳಿಗೂ ಇಷ್ಟು ಗಮನ ಸಿಕ್ಕಿದ್ದು ದೊಡ್ಡ ಮಾತು. ಆದರೆ ರಾಮನಗರದ ಬೇಸಿನ್ ಮುಂದೆ ಕೂತವರನ್ನು 45ರವರೆಗೆ ಕಾಯಿಸಬಾರದು. ಸರ್ಕಾರದ ಮುಂದಿನ ರೂಪಾಯಿ ಮೊದಲು ಆ ಕೋಣೆಯ ಗಾಳಿಗೆ ಹೋಗಲಿ. ಸಂಶೋಧನೆಗೆ ಅವರ ರಕ್ತದ ಮಾದರಿಯನ್ನು ಆಮೇಲೆ ಕೇಳೋಣ.